ನಾನೂರು ಗ್ರಾಂ ವಿಚಾರವಾಗಿ ಕಾಳಗ ಸಮಿತಿಯ ಅಧ್ಯಕ್ಷರಿಗೆ

ಪಂಜರ ಕಾಳಗ ಸಮಿತಿಯ ಘನ ಅಧ್ಯಕ್ಷರ ಸನ್ನಿಧಾನಕ್ಕೆ,
ಅಕ್ವಾ ಬಡಾವಣೆ, ದುವಾಲ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಕೋಣೆಯ ಏಸಿ ಕ್ಷೇಮವಾಗಿದೆಯೆಂದೂ, ಅದರ ತಂಪಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಸಭೆ ನಡೆಸುವ ತಮ್ಮ ಗಂಟಲು ಇನ್ನೂ ಕೆಟ್ಟಿಲ್ಲವೆಂದೂ ನಂಬಿ, ನನ್ನ ಹಾಗೂ ಇಡೀ ದೇಯಿಡೋ ಕೇರಿಯ ನಮಸ್ಕಾರಗಳನ್ನು ಈ ಮೂಲಕ ಸಲ್ಲಿಸುತ್ತಿದ್ದೇನೆ. ತಮ್ಮನ್ನು ಕಾಣಲು ನಾನು ಮೂರು ಸಲ ಕಚೇರಿಗೆ ಬಂದೆ. ಮೂರು ಸಲವೂ ತಾವು ಸಭೆಯಲ್ಲಿದ್ದೀರೆಂದು ತಮ್ಮ ಕಾರ್ಯದರ್ಶಿ ತಿಳಿಸಿದರು. ಈ ದೇಶದಲ್ಲಿ ಇಷ್ಟೊಂದು ದುಡಿಯುವವರು ಒಬ್ಬರಾದರೂ ಇದ್ದಾರಲ್ಲ ಎಂಬ ಸಮಾಧಾನದಿಂದ ಆಗ ಮನೆಗೆ ಮರಳಿದವಳು, ಈಗ ಕೈಗೆ ಅಂಟಿದ ಮೀನಿನ ವಾಸನೆ ತೊಳೆದು, ಈ ಪತ್ರ ಬರೆಯಲು ಕೂತಿದ್ದೇನೆ. ವಾಸನೆ ಪೂರ್ತಿ ಹೋಗಿಲ್ಲದಿದ್ದರೆ ಕ್ಷಮಿಸಬೇಕು.

ನನ್ನ ಹೆಸರು ಕ್ಲೋತಿಲ್ಡ್ ಎನ್ಗೊ ಬಾಯಿಹಾ. ದೇಯಿಡೋ ವೃತ್ತದ ಬಳಿ ಇಪ್ಪತ್ತಾರು ವರ್ಷಗಳಿಂದ ಕೆಂಡದ ಮೇಲೆ ಮೀನು ಸುಟ್ಟು ಮಾರುತ್ತಿದ್ದೇನೆ. ಗುದ್ದು, ಒದೆ, ಕುಸ್ತಿಯ ಪಟ್ಟು, ಕತ್ತು ಹಿಸುಕುವುದು ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ ತಮ್ಮ ಮಿಶ್ರ ಸಮರಕಲೆಯ ಬಗ್ಗೆ ನನಗೆ ಪಾಂಡಿತ್ಯವಿಲ್ಲ. ಮೀನು ಯಾವಾಗ ಬೆಂದಿದೆ ಎಂಬುದು ಗೊತ್ತಾಗುತ್ತದೆ, ಎದುರಿಗಿದ್ದವರು ಯಾವಾಗ ಸುಳ್ಳು ಹೇಳುತ್ತಿದ್ದಾರೆ ಎಂಬುದೂ ಗೊತ್ತಾಗುತ್ತದೆ. ಇಷ್ಟೇ ನನ್ನ ವಿದ್ಯೆ.

ನಮ್ಮ ಕೇರಿಯ ವೆಲ್ಡಿಂಗ್ ಅಂಗಡಿಯ ಗಿಲ್ಬೇರ್ ಟಾಂಕೂ ಎಂಬ ಕಾಳಗಗಾರನಿಗೆ ತಾವು ದಯಪಾಲಿಸಿದ ಕಾಗದವನ್ನು ನಾನು ಓದಿದ್ದೇನೆ. ಈತನಿಗೆ ಚಾಂಪಿಯನ್ ಬೆಲ್ಟಿಗಾಗಿ ಮೂರು ಅವಕಾಶ ಕೊಟ್ಟಾಗಿದೆ, ಇನ್ನು ಈತನ ವಿಷಯದಲ್ಲಿ ಯಾವ ಕ್ರೀಡಾಸಕ್ತಿಯೂ ಉಳಿದಿಲ್ಲ, ಮುಂದಿನ ಅವಕಾಶ ಬೇರೊಬ್ಬ ಯುವಕನಿಗೆ ಮೀಸಲು ಎಂದು ಅದರಲ್ಲಿ ಬಹಳ ಅಂದವಾದ ಭಾಷೆಯಲ್ಲಿ ಬರೆದಿದ್ದೀರಿ. ಒಬ್ಬ ಮನುಷ್ಯನ ಹನ್ನೊಂದು ವರ್ಷದ ಬೆವರನ್ನು ನಾಲ್ಕು ಸಾಲಿನಲ್ಲಿ ಒರೆಸಿಹಾಕುವುದು ಸಾಮಾನ್ಯರಿಗೆ ಸಾಧ್ಯವಿಲ್ಲ. ನಾನು ಮೇಜು ಒರೆಸಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಈ ವಿಷಯದಲ್ಲಿ ಮೀನು ಮಾರುವವಳಿಗೇನು ಕೆಲಸ ಎಂದು ತಾವು ಕೇಳಬಹುದು. ಕೆಲಸವಿದೆ. ನನ್ನ ಮಗಳ ಹೆಸರು ಓದಿಲ್, ಶಾಲೆಯಲ್ಲಿ ಮಾಸ್ತರಣಿ. ಐದು ವರ್ಷದ ಹಿಂದೆ ಟಾಂಕೂ ತನ್ನ ಚಿಕ್ಕಪ್ಪಂದಿರನ್ನು ಕರೆದುಕೊಂಡು ನಮ್ಮ ಬಾಗಿಲು ತಟ್ಟಿ ಹೆಣ್ಣು ಕೇಳಿದ. ಎರಡೂ ಕಡೆಯ ಹಿರಿಯರು ಕುಡಿದು, ತಿಂದು, ಪರಸ್ಪರ ಹೊಗಳಿ, ಇನ್ನೇನು ದಿನ ಗೊತ್ತುಮಾಡಬೇಕು ಎನ್ನುವಾಗ ಈತ ಎದ್ದು ನಿಂತು, ಯಾರೂ ಕೇಳದಿದ್ದರೂ, "ಯಾವುಂದೆ ಊರಿನ ಎಲೂಂಡೂನ ಸೋಲಿಸಿ, ಆ ಬೆಲ್ಟು ಸೊಂಟಕ್ಕೆ ಕಟ್ಕೊಂಡೇ ನಾನು ಓದಿಲ್ ಕೈ ಹಿಡಿಯೋದು" ಎಂದು ಪ್ರಮಾಣ ಮಾಡಿಬಿಟ್ಟ. ಚಿಕ್ಕಪ್ಪಂದಿರು ಚಪ್ಪಾಳೆ ತಟ್ಟಿದರು. ಓದಿಲ್ ತಲೆ ತಗ್ಗಿಸಿದಳು. ಎಲ್ಲರೂ ಅದನ್ನು ನಾಚಿಕೆ ಎಂದುಕೊಂಡರು. ಎಲೂಂಡೂ ಆಗ ಈಗಿನಂತೆಯೇ ಬೆಲ್ಟಿನ ಒಡೆಯ. ಆರು ತಿಂಗಳಲ್ಲಿ ಕೆಲಸ ಮುಗಿಯುತ್ತದೆಂಬ ಧೈರ್ಯದಲ್ಲಿ ನಾನು ಮದುವೆಗೆ ನೆಂಟರೆಲ್ಲ ಒಂದೇ ತರಹ ಉಡಲೆಂದು ನೀಲಿ ಹಕ್ಕಿಗಳ ಬಟ್ಟೆಯ ಥಾನು ತಂದು ಹಂಚಿದೆ. ಹೊಲಿಸಿಟ್ಟ ಆ ಬಟ್ಟೆಗಳು ಪೆಟ್ಟಿಗೆಯಲ್ಲಿ ಮಡಿಕೆಯಾಗಿಯೇ ಉಳಿದವು, ನಮ್ಮ ಅಕ್ಕತಂಗಿಯರು ಮಾತ್ರ ವರ್ಷವರ್ಷ ಅಗಲವಾಗುತ್ತ ಹೋದರು.

ಮೊದಲನೆಯ ಕಾಳಗದ ಬಗ್ಗೆ ನನ್ನದೇನೂ ತಕರಾರಿಲ್ಲ. ಟಾಂಕೂ ಭಕ್ತಿವಂತ. ಪಂಜರದೊಳಗೆ ಹೋಗುವಾಗ ಒಮ್ಮೆ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಾನೆ. ಆ ದಿನ ಗಂಟೆ ಹೊಡೆದ ಮೇಲೆ, ಮೊದಲನೆಯದು ದೇವರಿಗೆ ಕಾಣಿಸಿತೋ ಇಲ್ಲವೋ ಎಂಬ ಅನುಮಾನದಿಂದ, ಕಣ್ಣು ಮುಚ್ಚಿ ಇನ್ನೊಮ್ಮೆ ಹಾಕಿಕೊಂಡ. ಎಲೂಂಡೂವಿನ ಕಾಲು ಅಷ್ಟರಲ್ಲಿ ಅವನ ಕಿವಿಯ ಬಳಿ ಬಂದಿತ್ತು. ಹತ್ತೊಂಬತ್ತು ಸೆಕೆಂಡು. ನಾನು ಕಡಲೆಕಾಯಿ ಕೊಂಡು ಜಾಗಕ್ಕೆ ಬಂದು ಕೂರುವಷ್ಟರಲ್ಲಿ ಜನ ಎದ್ದು ಮನೆಗೆ ಹೋಗುತ್ತಿದ್ದರು. ನ್ಯಾಯವಾದ ಸೋಲು. ಪಾದ್ರಿಗಳು ಕೂಡ ಎರಡನೆಯ ಶಿಲುಬೆ ಅಗತ್ಯವಿರಲಿಲ್ಲ ಎಂದೇ ಅಭಿಪ್ರಾಯಪಟ್ಟರು.

ಎರಡನೆಯ ಕಾಳಗದ ಹೊತ್ತಿಗೆ ಬರೋಣ. ಇಲ್ಲಿ ತಾವು ಕುರ್ಚಿಯ ಹಿಡಿ ಹಿಡಿದುಕೊಂಡು ಓದಬೇಕೆಂದು ಪ್ರಾರ್ಥನೆ.

ತಮ್ಮ ನಿಯಮದಂತೆ ಆ ತೂಕದ ವರ್ಗದವರು ಎಂಬತ್ನಾಲ್ಕು ಕಿಲೋ ಮೀರಕೂಡದು. ಶುಕ್ರವಾರ ಬೆಳಿಗ್ಗೆ ತೂಕ, ಶನಿವಾರ ಕಾಳಗ. ಟಾಂಕೂ ತಕ್ಕಡಿಯ ಮೇಲೆ ನಿಂತಾಗ ಒಂಬೈನೂರು ಗ್ರಾಂ ಹೆಚ್ಚು ಬಂತು. ತಾವು ದೊಡ್ಡ ಮನಸ್ಸು ಮಾಡಿ ಎರಡು ಗಂಟೆಯ ಸಮಯ ಕೊಟ್ಟಿರಿ. ಆತ ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು, ಬಿಸಿಲಿನಲ್ಲಿ, ತಮ್ಮ ಕಟ್ಟಡದ ಸುತ್ತ ಓಡಿದ. ನಮ್ಮ ಕೇರಿಯ ಕ್ಷೌರಿಕ ಮುಕೂರಿ ಅವನ ತಲೆಗೂದಲು, ಗಡ್ಡ, ಹುಬ್ಬಿನ ಅರ್ಧಭಾಗ ಎಲ್ಲವನ್ನೂ ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ ತೆಗೆದ. ಆ ಕೂದಲನ್ನು ಮುಕೂರಿ ಆಮೇಲೆ ಔಷಧದಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದನಂತೆ, ಮೂವತ್ತು ಗ್ರಾಂ. ಇಷ್ಟೆಲ್ಲ ಆದಮೇಲೂ ನಾನೂರು ಗ್ರಾಂ ಉಳಿಯಿತು. ಒಂದು ಸಾಧಾರಣ ಮೀನಿನ ತೂಕ.

ತಾವು ತೀರ್ಪು ಕೊಟ್ಟಿರಿ: ಕಾಳಗ ನಡೆಯಲಿ, ಟಿಕೆಟ್ಟು ಮಾರಿಯಾಗಿದೆ, ಆದರೆ ಟಾಂಕೂ ಗೆದ್ದರೂ ಬೆಲ್ಟು ಸಿಗುವುದಿಲ್ಲ. ಶನಿವಾರ ಏನಾಯಿತೆಂದು ತಮಗೆ ಗೊತ್ತು. ಟಾಂಕೂ ಗೆದ್ದ. ಮೊದಲ ಸುತ್ತಿನಲ್ಲಿ ಎಲೂಂಡೂವಿನ ದವಡೆಗೆ ಬಿದ್ದ ಗುದ್ದಿನ ಸದ್ದು ನಾನು ಕೂತಿದ್ದ ಹಿಂದಿನ ಸಾಲಿಗೂ ಕೇಳಿಸಿತು. ಎರಡನೆಯ ಸುತ್ತಿನಲ್ಲಿ ಕತ್ತಿಗೆ ತೋಳು ಸುತ್ತಿದ ಮೇಲೆ ಎಲೂಂಡೂ ಸೋಲೊಪ್ಪಿ ನೆಲ ತಟ್ಟಿದ. ತಾವು ಪಂಜರದೊಳಗೆ ಬಂದು, ಗೆದ್ದವನ ಕೈ ಕುಲುಕಿ, ಸೋತು ಇನ್ನೂ ಮೇಲೇಳದೆ ಕೂತಿದ್ದವನ ಸೊಂಟಕ್ಕೆ ಬೆಲ್ಟು ಕಟ್ಟಿದಿರಿ. ಅಂಥ ಅಪೂರ್ವ ದೃಶ್ಯವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಎಲೂಂಡೂ ತನ್ನ ಸೊಂಟ ನೋಡಿಕೊಂಡು, ಇದು ಯಾರದೋ ತಪ್ಪಾಗಿ ಬಂದಿದೆ ಎಂಬಂತೆ ತಮ್ಮ ಮುಖ ನೋಡುತ್ತಿದ್ದ.

ಮರುದಿನ ಪತ್ರಿಕೆಯೊಂದು ಟಾಂಕೂವಿನ ಚಿತ್ರ ಹಾಕಿ "ಹೊಟ್ಟೆಬಾಕ" ಎಂದು ಬರೆಯಿತು. ತಮ್ಮ ವಿಚಾರಣೆಯಲ್ಲಿ ಆತ, "ಹಸಿವಾಗಿತ್ತು, ತಿಂದೆ. ಬೇರೆ ಯಾರ ತಪ್ಪೂ ಇಲ್ಲ" ಎಂದನಂತೆ. ಅದನ್ನು ತಾವು ದಾಖಲೆಯಲ್ಲಿ ಬರೆಸಿಕೊಂಡಿರಿ.

ಮಾನ್ಯರೇ, ಆ ದಾಖಲೆ ಸುಳ್ಳು. ಎರಡು ವರ್ಷ ನಾನು ಬಾಯಿ ಬಿಡದಿದ್ದುದನ್ನು ಈಗ ಬರೆಯುತ್ತಿದ್ದೇನೆ.

ಆ ಗುರುವಾರ ಮಧ್ಯಾಹ್ನ ಟಾಂಕೂ ನನ್ನ ಅಂಗಡಿಗೆ ಬಂದಿದ್ದ, ಮೀನು ಸುಡುವ ಜಾಲರಿಯ ಮುರಿದ ಕಾಲು ಬೆಸೆದು ಕೊಡಲು. ಕೆನ್ನೆ ಒಳಗೆ ಹೋಗಿ, ತುಟಿ ಒಡೆದು, ಕಣ್ಣು ಗುಳಿಬಿದ್ದು, ಯಾರೋ ಅವನನ್ನೇ ಕೆಂಡದ ಮೇಲೆ ಒಣಗಿಸಿಟ್ಟ ಹಾಗಿದ್ದ. ಬುಧವಾರದಿಂದ ನೀರು ಕೂಡ ಕುಡಿದಿರಲಿಲ್ಲವಂತೆ. ನಾನು ತಟ್ಟೆ ಇಟ್ಟೆ. "ಬೇಡ ಅತ್ತೆ, ನಾಳೆ ತೂಕ ಇದೆ" ಎಂದ. "ತೂಕ ನಾಳೆ, ಊಟ ಇವತ್ತು. ಕೂತ್ಕೋ" ಎಂದೆ. ನಮ್ಮಲ್ಲಿ ಹೆಣ್ಣು ಕೊಡುವ ಅತ್ತೆ ಬಡಿಸಿದ್ದನ್ನು ಗಂಡು ಬೇಡ ಎನ್ನುವುದುಂಟೇ? ಆತ ಕೂತ. ಕಡಲೆಕಾಯಿ ಅರೆದು ಹಾಕಿ ಮಾಡಿದ ಎಂಡೋಲೆ ಸೊಪ್ಪಿನ ಪಲ್ಯ, ಕರಿದ ಬಾಳೆಕಾಯಿ, ಎರಡು ಮೀನು, ಎಲೆಯಲ್ಲಿ ಸುತ್ತಿ ಬೇಯಿಸಿದ ಮರಗೆಣಸಿನ ಮಿಯೋಂಡೊ ಒಂದು ಕಟ್ಟು. ತಟ್ಟೆ ಖಾಲಿಯಾದಾಗ ಇನ್ನು ಸಾಕು ಎನ್ನಲು ಬಾಯಿ ತೆರೆದ. ತೆರೆದ ಬಾಯಿಯನ್ನು ನಾನು ಇನ್ನಷ್ಟು ಬೇಕು ಎಂದೇ ಅರ್ಥ ಮಾಡಿಕೊಂಡೆ. ಕೊನೆಯಲ್ಲಿ ಶುಂಠಿ ಪಾನಕ ಎರಡು ಬಾಟಲಿ. ಹೋಗುವಾಗ ಬಾಗಿಲಲ್ಲಿ ನಿಂತು, "ತುಂಬ ಚೆನ್ನಾಗಿತ್ತು ಅತ್ತೆ" ಎಂದ. ಅವನ ಮುಖದಲ್ಲಿ ನೇಣಿಗೆ ಹೋಗುವವನ ಶಾಂತಿಯಿತ್ತು. ನಾನು ಅದನ್ನು ಹೊಟ್ಟೆ ತುಂಬಿದ ತೃಪ್ತಿ ಎಂದುಕೊಂಡೆ.

ಆಮೇಲೆ ಎರಡು ವರ್ಷ ನನ್ನ ಅಂಗಡಿಯಲ್ಲೇ, ನನ್ನ ಬೆಂಚಿನ ಮೇಲೇ ಕೂತು, ಗಿರಾಕಿಗಳು ಹೊಟ್ಟೆಬಾಕ ಟಾಂಕೂವಿನ ಕಥೆ ಹೇಳಿ ನಕ್ಕರು. ನಾನು ಬಡಿಸುತ್ತ ಅವರ ಜೊತೆ ನಕ್ಕೆ. ಅವನು ಇದ್ದಾಗಲೂ ನಕ್ಕೆ. ಅವನು ಒಂದು ಸಲವೂ ನನ್ನ ಕಡೆ ನೋಡಲಿಲ್ಲ, ನೋಡಿದರೆ ನನಗೆ ಕಷ್ಟವಾದೀತೆಂದು.

ಮೂರನೆಯ ಕಾಳಗವನ್ನು ತಾವು ಒಂದು ಭಾನುವಾರ ಮಧ್ಯಾಹ್ನ, ಒಂದೂ ಕಿಟಕಿಯಿಲ್ಲದ ಸಭಾಂಗಣದಲ್ಲಿ ಏರ್ಪಡಿಸಿದಿರಿ. ಈ ಸಲ ಟಾಂಕೂ ತೂಕದ ಹಿಂದಿನ ವಾರವಿಡೀ ನಮ್ಮ ಬೀದಿಗೇ ಕಾಲಿಡಲಿಲ್ಲ. ಬೇರೆ ದಾರಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದ. ಮುನ್ನೂರು ಗ್ರಾಂ ಕಡಿಮೆಯೇ ಬಂತು. ನಾಲ್ಕು ಸುತ್ತು ಸಮಸಮ ನಡೆಯಿತು. ಐದನೆಯದರಲ್ಲಿ ಎಲೂಂಡೂ ಕೆಳಗೆ, ಟಾಂಕೂ ಮೇಲೆ, ರೆಫರಿ ಹತ್ತಿರದಿಂದ ನೋಡಲು ಮಂಡಿಯೂರಿದ್ದರು. ಆಗ ಕರೆಂಟು ಹೋಯಿತು.

ಕತ್ತಲಲ್ಲಿ ಒಂದು ನಿಮಿಷ ಉಸಿರಾಟ, ಕೊಸರಾಟ, ನೆಲ ತಟ್ಟುವ ಸದ್ದು ಕೇಳಿಸಿತು. ನಮ್ಮ ಕೇರಿಯವರೆಲ್ಲ ಎದ್ದು ನಿಂತು ಕುಣಿದರು. ದೀಪ ಬಂದಾಗ ಟಾಂಕೂ ಒಬ್ಬರ ಕತ್ತನ್ನು ತೋಳಿನಲ್ಲಿ ಅಚ್ಚುಕಟ್ಟಾಗಿ ಹಿಡಿದಿದ್ದ. ಅವರು ಎರಡೂ ಕೈಯಿಂದ ನೆಲ ತಟ್ಟಿ ಸೋಲೊಪ್ಪುತ್ತಿದ್ದರು. ಅವರು ರೆಫರಿ. ಎಲೂಂಡೂ ಅಷ್ಟು ದೂರದಲ್ಲಿ ಪಂಜರಕ್ಕೆ ಒರಗಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ತಾವು ಟಾಂಕೂವಿನ ಒಂದು ಅಂಕ ಕಳೆದಿರಿ, ಕಾಳಗ ಸಮವಾಯಿತು, ಸಮವಾದರೆ ಬೆಲ್ಟು ಇದ್ದವನಲ್ಲೇ ಉಳಿಯುತ್ತದೆ ಎಂದಿರಿ. ನಾನು ಮರುಪ್ರಶ್ನೆ ಹಾಕುವುದಿಲ್ಲ. ಮುಂದಿನ ಸಲ ರೆಫರಿಯ ಕೊರಳಿಗೆ ಮೇಕೆಗೆ ಕಟ್ಟುವಂಥ ಒಂದು ಗಂಟೆ ಕಟ್ಟಿದರೆ ಕತ್ತಲಲ್ಲಿ ಗುರುತು ಸಿಗುತ್ತದೆ ಎಂಬುದು ನಮ್ಮ ಕೇರಿಯ ವಿನಮ್ರ ಸಲಹೆ.

ಇದಾದ ಮೇಲೆ ಬಂದದ್ದೇ ತಮ್ಮ ಆ ನಾಲ್ಕು ಸಾಲಿನ ಕಾಗದ. ದೇಯಿಡೋ ಎರಡು ಪಾಲಾಯಿತು. ಮುಕೂರಿ ತನ್ನ ಕ್ಷೌರದಂಗಡಿಯಲ್ಲಿ ಅರ್ಧ ಬೋಳಿಸಿದ ತಲೆಗಳನ್ನು ಹಾಗೇ ಬಿಟ್ಟು, ಮೂರು ಸಲ ಬಾಗಿಲು ತೆರೆದಾಗ ಒಳಗೆ ಬಾರದವನಿಗೆ ನಾಲ್ಕನೆಯ ಸಲ ಯಾಕೆ ತೆರೆಯಬೇಕು ಎಂದು ವಾದಿಸಿದ. ಬಾಡಿಗೆ ಬೈಕಿನ ಸವಾರರು, ಒಳಗೆ ಬಂದಿದ್ದ, ಕುರ್ಚಿ ಕೊಡದೆ ಕಳಿಸಿದರು ಎಂದರು. ಮುಕೂರಿಗೆ ಸುಮಾರು ಹತ್ತು ದಿನ ಯಾವ ಬೈಕೂ ಸಿಗಲಿಲ್ಲ, ಬೈಕಿನವರಲ್ಲಿ ಯಾರ ತಲೆಗೂ ಕ್ಷೌರವಾಗಲಿಲ್ಲ.

ಟಾಂಕೂ ಮಾತ್ರ ವೆಲ್ಡಿಂಗ್ ಅಂಗಡಿ ಮುಚ್ಚಿ, ದಿನವೂ ಬೆಳಿಗ್ಗೆ ನನ್ನಲ್ಲಿಗೆ ಬಂದು, ಮೂಲೆಯಲ್ಲಿ ಕೂತು ಮೀನು ಹೆರೆದ. ಒಂದು ವಾರ. ನನ್ನ ಅಂಗಡಿಯ ಇತಿಹಾಸದಲ್ಲಿ ಮೀನು ಅಷ್ಟು ನುಣ್ಣಗೆ ಎಂದೂ ಇರಲಿಲ್ಲ. ಒಂದೆರಡಕ್ಕೆ ಚರ್ಮವೂ ಉಳಿದಿರಲಿಲ್ಲ. ಎಂಟನೆಯ ದಿನ ಅವನು ಹೋದ ಮೇಲೆ ನಾನು ಓದಿಲ್‌ಳನ್ನು ಒಳಗೆ ಕರೆದು, ಬಾಗಿಲು ಮುಚ್ಚಿ, ಆ ಗುರುವಾರದ ಊಟದ ವಿಷಯ ಹೇಳಿದೆ. ಅಳು ಬರುತ್ತದೆಂದು ಗೊತ್ತಿದ್ದರಿಂದ ಈರುಳ್ಳಿ ಹೆಚ್ಚುತ್ತ ಹೇಳಿದೆ.

ಅವಳು ತಾನೂ ಒಂದು ಚಾಕು ತೆಗೆದುಕೊಂಡು ಪಕ್ಕದಲ್ಲಿ ಕೂತಳು. "ನಂಗೆ ಗೊತ್ತು ಅಮ್ಮ" ಎಂದಳು. "ಅವತ್ತು ಅವನ ಅಂಗಿ ಮೇಲೆ ಎಂಡೋಲೆ ಕಲೆ ಇತ್ತು. ನಾನೇ ಒಗೆದೆ."

ಎರಡು ವರ್ಷ ಗೊತ್ತಿದ್ದೂ ಯಾಕೆ ಕೇಳಲಿಲ್ಲ ಎಂದೆ. ಕೇಳಿದ್ದಳಂತೆ, ಅವನನ್ನು. ನಿಮ್ಮಮ್ಮ ಪ್ರೀತಿಯಿಂದ ಬಡಿಸಿದ್ದನ್ನು ಸಮಿತಿಯ ಮುಂದೆ ಸಾಕ್ಷಿ ಅಂತ ಇಡೋಕೆ ನನ್ನ ಕೈಯಲ್ಲಾಗಲ್ಲ ಎಂದನಂತೆ. ಓದಿಲ್‌ಗೆ ಹೇಳಿದ್ದು ನನಗೆ ಗೊತ್ತಾಗಬಾರದೆಂದು ಅವನು, ತನಗೆ ಗೊತ್ತಿರುವುದು ನನಗೆ ಗೊತ್ತಾಗಬಾರದೆಂದು ಅವಳು, ಹೀಗೆ ಇವರಿಬ್ಬರೂ ಕೂಡಿ ಜೋಪಾನ ಮಾಡಿದ್ದ ಗುಟ್ಟನ್ನು, ಇತ್ತ ನಾನೊಬ್ಬಳೇ ಬಚ್ಚಿಟ್ಟುಕೊಂಡಿದ್ದೇನೆ ಎಂದು ತಿಳಿದಿದ್ದೆ. ನಾವು ಮೂರು ಜನ ಸೇರಿ ಒಂದು ತಟ್ಟೆ ಪಲ್ಯವನ್ನು ಎರಡು ವರ್ಷ ಮುಚ್ಚಿಟ್ಟಿದ್ದೆವು ಮಾನ್ಯರೇ.

ಈರುಳ್ಳಿ ಮುಗಿದ ಮೇಲೆ ಓದಿಲ್ ಕೈ ಒರೆಸಿಕೊಂಡು, "ನಾನು ಕಾದಿದ್ದು ಅವನಿಗೆ, ಬೆಲ್ಟಿಗಲ್ಲ. ಇನ್ನು ಕಾಯಲ್ಲ" ಎಂದು ಎದ್ದಳು. ನೇರವಾಗಿ ಅವನ ಮನೆಗೆ ಹೋಗಿ, ಮುಂದಿನ ಗುರುವಾರ ಹತ್ತು ಗಂಟೆಗೆ ನಗರಸಭೆಯಲ್ಲಿ ತಾನು ಮದುವೆಯಾಗುತ್ತಿರುವುದಾಗಿಯೂ, ಗಂಡಾಗಿ ಅವನು ಬಂದರೆ ಅನುಕೂಲವಾಗುತ್ತದೆಂದೂ ತಿಳಿಸಿ ಬಂದಳು.

ತೊಡಕಾದದ್ದು ಟಾಂಕೂವಿನ ದೊಡ್ಡ ಚಿಕ್ಕಪ್ಪನಿಂದ. ಹಿರಿಯರೆದುರು ಮಾಡಿದ ಪ್ರಮಾಣ ಮುರಿಯಕೂಡದೆಂದು ಅವರು ಊರಿಂದ ಬಸ್ಸು ಹತ್ತಿ ಬಂದು, ನನ್ನ ಅಂಗಡಿಯ ನಡುಮಧ್ಯೆ ಕೂತರು. ಓದಿಲ್ ಅವರೆದುರು ಮೀನಿಟ್ಟು, ಪ್ರಮಾಣದ ಮಾತನ್ನು ಇನ್ನೊಮ್ಮೆ ಹೇಳಿಸಿದಳು. ಎಲೂಂಡೂನ ಸೋಲಿಸಿ, ಬೆಲ್ಟು ಕಟ್ಟಿಕೊಂಡು, ಕೈ ಹಿಡಿಯುವುದು. "ಸೋಲಿಸಿ ಆಯ್ತಲ್ಲ ಚಿಕ್ಕಪ್ಪ, ಇಡೀ ದುವಾಲ ನೋಡಿದೆ" ಎಂದಳು. ಅವರು ಒಂದು ಮೀನು ತಿನ್ನುವಷ್ಟು ಹೊತ್ತು ಯೋಚಿಸಿ, ಮೂರರಲ್ಲಿ ಒಂದು ಆಗಿದೆ, ಉಳಿದೆರಡರಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂದು ಪೂರ್ವಜರು ಅಷ್ಟು ಗಮನಿಸಲಾರರು ಎಂದು ತೀರ್ಪು ಕೊಟ್ಟರು. ಇಂಥ ಒಬ್ಬರು ತಮ್ಮ ಸಮಿತಿಯಲ್ಲಿದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಮದುವೆಗೆ ಮೂರು ದಿನವಿದ್ದಾಗ, ಮಧ್ಯಾಹ್ನದ ಹೊತ್ತು, ಅಗಲ ಭುಜದ ಒಬ್ಬ ಮನುಷ್ಯ ನನ್ನ ಅಂಗಡಿಗೆ ಬಂದು ಮೂಲೆಯ ಮೇಜಿಗೆ ಕೂತ. ಎಲೂಂಡೂ. ಯಾವುಂದೆಯಿಂದ ಬಂದಿದ್ದ. ಮೊದಲು ನನಗೆ ಹೊಳೆದದ್ದು ಅವನಿಗೆ ಅತಿ ಹೆಚ್ಚು ಮುಳ್ಳಿರುವ ಮೀನು ಆರಿಸುವುದು. ಆರಿಸಿ ಇಟ್ಟೆ. ಅವನು ತಟ್ಟೆ ನೋಡಿ, "ಅಮ್ಮ, ಮುಳ್ಳು ತೆಗೆದು ಕೊಡ್ತೀರಾ? ಎಡಗಡೆ ಅಗಿಯೋಕಾಗಲ್ಲ. ನಿಮ್ಮ ಹುಡುಗ ಹೊಡೆದಾಗಿಂದ ಹೀಗೇ" ಎಂದ. ಅದರಲ್ಲಿ ದೂರಿರಲಿಲ್ಲ. ನಾನು ಎದುರಿಗೆ ಕೂತು ಒಂದೊಂದೇ ಮುಳ್ಳು ತೆಗೆದುಕೊಟ್ಟೆ.

ತಿನ್ನುತ್ತ ಅವನು ತನ್ನ ವಿಷಯ ಹೇಳಿದ. ಟಾಂಕೂವಿನೊಂದಿಗೆ ಇನ್ನೊಂದು ಕಾಳಗ ಇಡಿ ಎಂದು ಅವನೇ ತಮ್ಮಲ್ಲಿಗೆ ಎರಡು ಸಲ ಬಂದಿದ್ದನಂತೆ. ತಾವು ಸಭೆಯಲ್ಲಿದ್ದಿರಂತೆ. ಮುಂದಿನ ಕಾಳಗ ಹಳದಿ ಬಣ್ಣ ಹಚ್ಚಿದ ಕೂದಲಿನ ಆ ಯುವಕನೊಂದಿಗೆ ಎಂದು ಕಾರ್ಯದರ್ಶಿ ಹೇಳಿ ಕಳಿಸಿದರಂತೆ. ಆತ ಇದುವರೆಗೆ ಎರಡೇ ಕಾಳಗ ಆಡಿದ್ದರೂ ಫೋನಿನಲ್ಲಿ ಅವನನ್ನು ನೋಡುವವರು ಲಕ್ಷಗಟ್ಟಲೆ ಇದ್ದಾರಂತೆ. ಬೆಲ್ಟು ಎಲ್ಲಿಟ್ಟಿದ್ದೀಯ ಎಂದು ನಾನು ಕೇಳಿದೆ.

"ಮಂಚದ ಕೆಳಗೆ" ಎಂದ. "ಗೋಡೆಗೆ ಹಾಕಿದ್ರೆ, ಯಾರನ್ನ ಸೋಲಿಸಿ ತಂದೆ ಅಂತ ನಮ್ಮಮ್ಮ ಬಂದೋರಿಗೆಲ್ಲ ಹೇಳೋಕೆ ಶುರು ಮಾಡ್ತಾಳೆ. ಅವತ್ತು ನಾನು ನೆಲ ತಟ್ಟಿದೆ ಅಮ್ಮ. ನನ್ನ ಕೈಯಿಂದ್ಲೇ ತಟ್ಟಿದೆ."

ನನ್ನ ಬಾಯಿಂದ ಮದುವೆಯ ಕರೆ ಹೊರಬಿತ್ತು. ಹೊರಬಿದ್ದ ಮೇಲೆ ವಾಪಸು ತೆಗೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ.

ಗುರುವಾರ ಮದುವೆಯಾಯಿತು. ನೀಲಿ ಹಕ್ಕಿಗಳ ಬಟ್ಟೆ ಪೆಟ್ಟಿಗೆಯಿಂದ ಹೊರಬಂತು. ನಮ್ಮ ಅಕ್ಕತಂಗಿಯರ ಮೈಮೇಲೆ ಆ ಹಕ್ಕಿಗಳು ರೆಕ್ಕೆ ಬಿಚ್ಚಿ ಹಾರುವಂತೆ ಕಂಡವು, ಹೊಲಿಗೆಯೂ ಎರಡು ಕಡೆ ಹಾರಿತು. ನಗರಸಭೆಯ ಅಧಿಕಾರಿ ವರನ ಹೆಸರು ಓದಿ ತಲೆಯೆತ್ತಿ, ಆ ಟಾಂಕೂನೇ ಏನಯ್ಯಾ ಎಂದು ಕೇಳಿದರು. ಹೌದು ಎಂದ. ಅವರು ಸಹಿ ಮಾಡುವ ಮೊದಲು ಎದ್ದು ಕೈ ಕುಲುಕಿದರು. ಕಾಳಗದ ಬಗ್ಗೆ ಇಷ್ಟು ಮರ್ಯಾದೆ ಒಂದು ಸರ್ಕಾರಿ ಕಚೇರಿಯಲ್ಲೇ ಸಿಕ್ಕಿತು, ತಮ್ಮಲ್ಲಿ ಸಿಗಲಿಲ್ಲ.

ಊಟ ನನ್ನ ಅಂಗಡಿಯಲ್ಲಿ. ಎಲ್ಲರೂ ಕೂತ ಮೇಲೆ ಎಲೂಂಡೂ ಬಂದ, ಕೈಯಲ್ಲಿ ಬ್ರೆಡ್ಡು ತರುವ ಚೀಲ. ಮುಕೂರಿ ಬಾಯಿಗಿಟ್ಟ ಬಾಳೆಕಾಯಿ ಅಲ್ಲೇ ನಿಂತಿತು. ಎಲೂಂಡೂ ಸೀದಾ ಮದುಮಕ್ಕಳ ಮುಂದೆ ಹೋಗಿ, ಚೀಲವನ್ನು ಟಾಂಕೂವಿನ ತಟ್ಟೆಯ ಪಕ್ಕದಲ್ಲಿಟ್ಟು, ಮದುವೆಯ ಉಡುಗೊರೆ ಎಂದ. ಟಾಂಕೂ ಚೀಲದ ಬಾಯಿ ಬಿಚ್ಚಿ ನೋಡಿದ. ಒಳಗೆ ಬೆಲ್ಟಿತ್ತು, ಹೊಳೆಯುವ ಹಾಗೆ ಒರೆಸಿ ತಂದಿದ್ದ.

ದೊಡ್ಡ ಚಿಕ್ಕಪ್ಪ ಎದ್ದು, ತೆಗೆದುಕೋ, ಮೂರೂ ಪೂರ್ತಿಯಾಯಿತು ಎಂದರು. ಬೈಕಿನವರು ಹೊರಗಿನಿಂದ ಕಟ್ಟಿಕೋ ಎಂದು ಕೂಗಿದರು. ನಾನೂ ಮನಸ್ಸಿನಲ್ಲಿ ಅದನ್ನೇ ಕೂಗಿದೆ, ಸುಳ್ಳೇಕೆ ಹೇಳಲಿ. ಐದು ವರ್ಷ ನಾವು ಬೇಡಿದ್ದು ಬ್ರೆಡ್ಡಿನ ಚೀಲದಲ್ಲಿ ಬಂದು ಎದುರಿಗೆ ಕೂತಿತ್ತು. ಟಾಂಕೂ ಓದಿಲ್ ಮುಖ ನೋಡಿದ. ಅವಳು, ಇದು ನಿನ್ನದು, ನೀನೇ ನೋಡಿಕೋ ಎಂಬಂತೆ, ತನ್ನ ತಟ್ಟೆಯ ಮೀನಿನ ಮುಳ್ಳು ಬಿಡಿಸತೊಡಗಿದಳು. ಅವನು ಒಮ್ಮೆ ಆ ಲೋಹದ ಮೇಲೆ ಬೆರಳಾಡಿಸಿದ. ಆಮೇಲೆ ಚೀಲದ ಬಾಯಿ ಮಡಿಸಿ, ಎಲೂಂಡೂವಿನ ಕೈಗೆ ವಾಪಸು ಇಟ್ಟ.

"ನಿನ್ನ ಸೊಂಟದಿಂದ ನಾನು ಬಿಚ್ಚಬೇಕು ಅಣ್ಣ, ಚೀಲದಿಂದಲ್ಲ" ಎಂದ. "ಅಲ್ಲೀವರೆಗೂ ಚೆನ್ನಾಗಿ ನೋಡ್ಕೋ. ಈಗ ಕೂತು ಊಟ ಮಾಡು."

ಎಲೂಂಡೂ ಕೂತ. ಓದಿಲ್ ಅವನಿಗೆ ಬಡಿಸಿದಳು. ನಾನು ಅಡುಗೆಯ ಕಡೆಗೆ ಹೋಗಿ ಹೊಗೆಯಲ್ಲಿ ಸ್ವಲ್ಪ ಹೊತ್ತು ನಿಂತೆ, ಹೊಗೆಯಲ್ಲಿ ನಿಂತರೆ ಯಾರೂ ಏನೂ ಕೇಳುವುದಿಲ್ಲ.

ಮಾನ್ಯರೇ, ನಾನು ತಮ್ಮ ಕಚೇರಿಗೆ ಮೂರು ಸಲ ಬಂದದ್ದು ನನ್ನ ಮಗಳ ಮದುವೆಗಾಗಿ. ಟಾಂಕೂ ಯೋಗ್ಯನೋ ಅಲ್ಲವೋ ಎಂದು ಆಗ ಯಾರಾದರೂ ಕೇಳಿದ್ದರೆ, ಕಣ್ಣು ಮುಚ್ಚಿ ಎರಡನೆಯ ಶಿಲುಬೆ ಹಾಕಿಕೊಂಡವನು, ಕತ್ತಲಲ್ಲಿ ರೆಫರಿಯ ಕತ್ತು ಹಿಡಿದವನು, ನನಗೇನು ಗೊತ್ತು ಎನ್ನುತ್ತಿದ್ದೆ. ಈಗ ಮದುವೆ ಆಗಿದೆ. ನನಗೆ ಬೆಲ್ಟಿನಿಂದ ಆಗಬೇಕಾದ್ದು ಏನೂ ಇಲ್ಲ. ಈಗ ಕೇಳುತ್ತಿದ್ದೇನೆ. ಅವನಿಗೆ ಇನ್ನೊಂದು ಕಾಳಗ ಕೊಡಿ. ಗೆದ್ದದ್ದನ್ನು ಎರಡು ವರ್ಷ ಬಾಯಿ ಮುಚ್ಚಿಕೊಂಡು ಕಳೆದುಕೊಂಡವನು, ಕೈಗೆ ಬಂದದ್ದನ್ನು ಗೆದ್ದಿಲ್ಲವೆಂದು ವಾಪಸು ಕೊಟ್ಟವನು ಯೋಗ್ಯನಲ್ಲದಿದ್ದರೆ, ಆ ಬೆಲ್ಟನ್ನು ಇನ್ನು ಯಾರ ಸೊಂಟದ ಅಳತೆಗೆ ಹೊಲಿಸಿದ್ದೀರಿ ಎಂದು ತಿಳಿಸಿದರೆ ಉಪಕಾರವಾದೀತು.

ನಿಯಮ ಅಡ್ಡಬರುವುದಾದರೆ ಕೆಲವು ಸುಲಭ ಪರಿಹಾರಗಳನ್ನು ಸೂಚಿಸುತ್ತೇನೆ. ಆ ನಾನೂರು ಗ್ರಾಂ ಅನ್ನು ದಯವಿಟ್ಟು ಟಾಂಕೂವಿನ ಹೆಸರಿನಿಂದ ತೆಗೆದು ನನ್ನ ಹೆಸರಿಗೆ ಬರೆಸಿ. ನನಗೆ ಅರವತ್ತೊಂದು ವರ್ಷ, ತೊಂಬತ್ತೇಳು ಕಿಲೋ. ನಾನೂರು ಗ್ರಾಂ ಬಂದರೂ ಹೋದರೂ ನನಗೆ ತಿಳಿಯುವುದಿಲ್ಲ. ಶಿಕ್ಷೆಯಾಗಿ ನನ್ನನ್ನು ಎಲ್ಲ ತೂಕದ ವರ್ಗಗಳಿಂದ ಆಜೀವ ಬಹಿಷ್ಕರಿಸಿದರೆ ನಾನು ಮೇಲ್ಮನವಿ ಸಲ್ಲಿಸುವುದಿಲ್ಲ. ಅದೂ ಆಗದಿದ್ದರೆ, ಸಮವಾದ ಆ ಕಾಳಗದ ನೆನಪಿಗೆ ಬೆಲ್ಟನ್ನು ನಡುವೆ ಕತ್ತರಿಸಿ ಇಬ್ಬರಿಗೂ ಅರ್ಧರ್ಧ ಕೊಡಿ. ಬೆಸುಗೆಯ ಅಗತ್ಯ ಬಿದ್ದರೆ ಅಳಿಯನ ಅಂಗಡಿ ಮತ್ತೆ ತೆರೆದಿದೆ. ಹಳದಿ ಕೂದಲಿನ ಯುವಕನ ಬಗ್ಗೆ ನನಗೆ ದ್ವೇಷವಿಲ್ಲ. ಲಕ್ಷಗಟ್ಟಲೆ ಜನ ಅವನನ್ನು ಫೋನಿನಲ್ಲಿ ನೋಡುತ್ತಿರುವುದರಿಂದ, ಅವನ ಕಾಳಗವನ್ನೂ ಫೋನಿನೊಳಗೇ ನಡೆಸಿದರೆ ಕೂದಲು ಕೆಡುವುದಿಲ್ಲ.

ತಮ್ಮ ಸಭೆ ಎಂದಾದರೂ ಮುಗಿಯಲಿ, ಮುಗಿದಾಗ ಕುರ್ಚಿಯಿಂದ ಏಳುವಷ್ಟು ಬಲ ಕಾಲಿನಲ್ಲಿ ಉಳಿದಿರಲಿ ಎಂದು ಹಾರೈಸುತ್ತ, ದಿನಾಂಕವೊಂದನ್ನು ಬಿಟ್ಟು ತಮ್ಮಿಂದ ಬೇರೇನನ್ನೂ ಬಯಸದ,

ತಮ್ಮ ವಿಶ್ವಾಸಿ,
ಕ್ಲೋತಿಲ್ಡ್ ಎನ್ಗೊ ಬಾಯಿಹಾ
ದೇಯಿಡೋ, ದುವಾಲ

ಮರೆತ ಮಾತು: ಅರ್ಜಿಯ ಮೂರು ಪ್ರತಿ ಬೇಕೆಂದು ತಮ್ಮ ಕಾರ್ಯದರ್ಶಿ ಹೇಳಿದ್ದರು. ಕೇಳಿದ್ದಕ್ಕಿಂತ ಕಡಿಮೆ ಕೊಡುವ ಅಭ್ಯಾಸ ನನಗಿಲ್ಲವಾದ್ದರಿಂದ ಮುನ್ನೂರು ಮಾಡಿಸಿದ್ದೇನೆ. ಬೈಕಿನ ಹುಡುಗರು ಒಂದೊಂದು ಹಾಳೆಯನ್ನು ಬೆನ್ನಿಗೆ ಅಂಟಿಸಿಕೊಂಡು ನಾಳೆ ಬೆಳಿಗ್ಗೆಯಿಂದ ತಮ್ಮ ಕಚೇರಿಯ ಬೀದಿಯಲ್ಲಿ ಓಡಾಡುತ್ತಾರೆ. ವಾಹನದಟ್ಟಣೆಯಲ್ಲಿ ಕಾರಿನ ಗಾಜಿನಿಂದಲೇ ಆರಾಮವಾಗಿ ಓದಬಹುದು. ಮೊದಲ ಪುಟ ಮುಂದೆ ಹೋಗಿಬಿಟ್ಟರೆ ಗಾಬರಿಯಾಗಬೇಡಿ, ಎರಡನೆಯದು ಹಿಂದೆಯೇ ಬರುತ್ತಿರುತ್ತದೆ.